ಪೂಜೆಗೆ ಕೂತ ಪಾನಾ

೧೯೬೧ರ ವಿಜಯದಶಮಿಯ ಮಧ್ಯಾಹ್ನ, ದಾಸನಕೊಪ್ಪದಿಂದ ಬನವಾಸಿ ಕಡೆಗೆ ಹೊರಟ ನಮ್ಮ ಮನೆಯ ಕಾರು ಊರ ಗಡಿಯ ಕೆರೆ ಏರಿಯ ತಿರುವಿನಲ್ಲಿ ಬ್ರೇಕು ಹಿಡಿಯದೆ ರಸ್ತೆ ಬಿಟ್ಟು ಇಳಿಯಿತು. ನಡೆಸುತ್ತಿದ್ದವನು ಅಪ್ಪ. ಪಕ್ಕದಲ್ಲಿ ಕೂತಿದ್ದ ಅವ್ವನ ಎಡಗಾಲು ಮೊಣಕಾಲಿನ ಕೆಳಗೆ ಎರಡು ಕಡೆ ಮುರಿಯಿತು. ಅವ್ವನ ಮಡಿಲಲ್ಲಿದ್ದ ನಾಲ್ಕು ವರ್ಷದ ತಮ್ಮ ಶಿವುಗೆ ಏನೂ ಆಗಲಿಲ್ಲ. ಹಿಂದಿನ ಸೀಟಿನಲ್ಲಿದ್ದ ನನಗೂ ಏನೂ ಆಗಲಿಲ್ಲ. ನನಗೆ ಆಗ ಹನ್ನೊಂದು ವರ್ಷ. ಮುಂದಿನ ಎಡಗಾಲಿಯ ಬ್ರೇಕನ್ನು ಹಿಡಿದಿಡುವ ನಾಲ್ಕು ಬೋಲ್ಟುಗಳಲ್ಲಿ ಮೂರು ಕಳಚಿದ್ದವು.

ನಮ್ಮ ಮನೆ ರಸ್ತೆಗೇ ಮುಖ ಮಾಡಿತ್ತು. ಮುಂದೆ ಅಪ್ಪನ ಕಾಳುಕಡಿ ಅಂಗಡಿ, ಅದರ ಹಿಂದೆ ಪಡಸಾಲೆ, ಪಡಸಾಲೆಯ ಬಲಕ್ಕೆ ದೇವರ ಕೋಣೆ, ಎಡಕ್ಕೆ ಅಡುಗೆಮನೆ, ಅಡುಗೆಮನೆಯ ಹಿಂಬಾಗಿಲಿಗೆ ಹತ್ತಿಕೊಂಡೇ ದನದ ಕೊಟ್ಟಿಗೆ. ಯಲ್ಲಾಪುರದ ಒಬ್ಬ ಕಟ್ಟಿಗೆ ಗುತ್ತಿಗೆದಾರ ಊರು ಬಿಡುವಾಗ ಅವನ ಹಳೆಯ ಇಂಗ್ಲಿಷ್ ಕಾರನ್ನು ಅಪ್ಪ ಕೊಂಡ. ಆ ವರ್ಷ ದನಗಳನ್ನು ಹಿತ್ತಿಲಿನ ತಗಡಿನ ಚಪ್ಪರಕ್ಕೆ ಅಟ್ಟಿ ಕೊಟ್ಟಿಗೆಯನ್ನು ಕಾರಿಗೆ ಕೊಟ್ಟರು. ನೆಲ ತೊಳೆದರೂ ಗಂಜಳದ ವಾಸನೆ ಹೋಗಲಿಲ್ಲ. ಅದರ ಮೇಲೆ ಪೆಟ್ರೋಲು, ಗ್ರೀಸು, ಸುಟ್ಟ ರಬ್ಬರಿನ ವಾಸನೆ ಬಂದು ಕೂತಿತು. ದನ ಮೇವು ತಿನ್ನುತ್ತಿದ್ದ ಕಲ್ಲಿನ ಗೋದಲಿ ಅಪ್ಪನ ಹತ್ಯಾರಗಳ ಜಾಗವಾಯಿತು. ಕಾರಿನ ಜೊತೆಗೇ ಬಂದಿದ್ದ ಒಂದು ತಗಡಿನ ಪೆಟ್ಟಿಗೆಯಲ್ಲಿ ಹದಿನಾಲ್ಕು ಪಾನಾಗಳಿದ್ದವು. ಬೋಲ್ಟು ನಟ್ಟು ತಿರುಗಿಸುವ ಉಪಕರಣಕ್ಕೆ ನಮ್ಮಲ್ಲಿ ಪಾನಾ ಎನ್ನುತ್ತಾರೆ. ಆ ಕಾರಿನ ಬೋಲ್ಟುಗಳ ಅಳತೆಯೇ ಬೇರೆ. ಶಿರಸಿಯ ಗ್ಯಾರೇಜುಗಳ ಪಾನಾ ಅವಕ್ಕೆ ಸರಿಯಾಗಿ ಕೂರುತ್ತಿರಲಿಲ್ಲ. ಆದ್ದರಿಂದ ರಿಪೇರಿ ಎಂದರೆ ಮನೆಯಲ್ಲೇ ಆಗಬೇಕು. ಆ ಅನಿವಾರ್ಯತೆಯನ್ನು ಅಪ್ಪ ಅಭಿಮಾನ ಮಾಡಿಕೊಂಡ. ಅಂಗಡಿಗೆ ಬಂದ ಗಿರಾಕಿಗಳ ಮುಂದೆ ಕೈಯ ಗ್ರೀಸು ಒರೆಸಿಕೊಳ್ಳದೆ ನಿಲ್ಲುತ್ತಿದ್ದ.

“ಗ್ಯಾರೇಜಿಗೆ ಯಾಕ ಹೋಗಬೇಕ್ರಿ? ಮನೀ ಕೆಲಸ ಮನ್ಯಾಗ.”

ಆ ಮನೆಯ ಕೆಲಸ ಅಡುಗೆಮನೆಯೊಳಗೂ ಬಂತು. ರೇಡಿಯೇಟರು ಸೋರಿದರೆ ಅಪ್ಪ ಡಬ್ಬಿಯಿಂದ ಅರಿಶಿನದ ಪುಡಿ ಒಯ್ದು ಸುರಿಯುತ್ತಿದ್ದ. ಸೋರುವುದು ನಿಲ್ಲುತ್ತಿತ್ತು, ನಿಜ. ಕಾರು ಕಾದಾಗ ಮಾತ್ರ ಹಳಸಿದ ಸಾರಿನಂಥ ನಾತ ಬರುತ್ತಿತ್ತು. ಪೆಟ್ರೋಲಿನ ಟ್ಯಾಂಕು ತೂತಾದರೆ ಬಟ್ಟೆ ಸಾಬೂನು ಮೆತ್ತುತ್ತಿದ್ದ. ಬ್ರೇಕಿನ ಎಣ್ಣೆ ಕಡಿಮೆಯಾದರೆ ಔಡಲೆಣ್ಣೆ ಹಾಕುತ್ತಿದ್ದ. ನಮ್ಮ ಮನೆಯಲ್ಲಿ ಔಡಲೆಣ್ಣೆಯದು ಒಂದೇ ಬಾಟಲಿ, ಒಂದೇ ತಗಡಿನ ಆಲಿಕೆ. ತಿಂಗಳಿಗೊಮ್ಮೆ ಹೊಟ್ಟೆ ತೊಳೆಯಲು ನನಗೂ ಶಿವುಗೂ ಅದೇ ಬಾಟಲಿಯಿಂದ ಕುಡಿಸುತ್ತಿದ್ದರು. ಬಾಟಲಿಯ ಕತ್ತಿನಲ್ಲಿ ಕಪ್ಪು ಬೆರಳಿನ ಗುರುತುಗಳು ಇರುತ್ತಿದ್ದವು. ನಾನು ಮುಖ ತಿರುಗಿಸಿದರೆ ಅಪ್ಪ ಮೂಗು ಹಿಡಿಯುತ್ತಿದ್ದ. ಮೂಗು ಹಿಡಿದ ಬೆರಳಿನಲ್ಲೂ ಅದೇ ಕಪ್ಪು. ಹಾಲು ಕಾಯಿಸುತ್ತಿದ್ದ ಅಗಲ ಬೋಗುಣಿಯೊಂದನ್ನು ಬ್ರೇಕಿನ ಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯಲು ಒಯ್ದ. ಎರಡು ವಾರ ಬಿಟ್ಟು ಬೂದಿ ಹಚ್ಚಿ ತಿಕ್ಕಿ ತಂದು ಅಡುಗೆಮನೆಯಲ್ಲಿ ಇಟ್ಟ. ಅವ್ವ ಅದರಲ್ಲಿ ಮತ್ತೆ ಹಾಲು ಕಾಯಿಸಿದಳು. ಕೆನೆಗೆ ಸೀಮೆಎಣ್ಣೆಯ ವಾಸನೆಯಿತ್ತು. ನಾನು ಬಟ್ಟಲು ಸರಿಸಿದೆ.

“ಏನ್ ವಾಸನಿ ಹಿಡಿತೀಯ, ನಾಯಿ ಹಾಂಗ,” ಅಂದ ಅಪ್ಪ. “ಕುಡಿ. ಕಾರಿನ್ಯಾಗ ಕುಂದ್ರಾಕ ಬೇಕಾಗ್ತತಿ, ಹಾಲು ಬ್ಯಾಡಾಗ್ತತಿ.”

ಕುಡಿದೆ. ಹಾಲು ನೋಡಿದರೆ ಇವತ್ತಿಗೂ ಮೊದಲು ಮೂಸುತ್ತೇನೆ.

ಅಪ್ಪನ ಕೈಗೆ ಆಗದ್ದು ಬಂದಾಗ ಮಾತ್ರ ಶಿರಸಿಯಿಂದ ಇಸ್ಮಾಯಿಲ್ ಮಿಸ್ತ್ರಿ ಬರುತ್ತಿದ್ದರು. ಬಸ್ಸು ಓಡಿಸುವ ಖಾಸಗಿ ಮಾಲೀಕರೊಬ್ಬರ ಹತ್ತಿರ ಅವರಿಗೆ ಕೆಲಸ. ರಜೆಯ ದಿನ ಬೆಳಗಿನ ಬಸ್ಸಿಗೆ ಬಂದು ಮಧ್ಯಾಹ್ನದ ಬಸ್ಸಿಗೆ ಹೋಗುವರು. ತೆಳ್ಳಗಿನ ಮನುಷ್ಯ, ನಲವತ್ತರ ಆಸುಪಾಸು. ಖಾಕಿ ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಚೂರು ಸೀಮೆಸುಣ್ಣ. ಬಿಗಿ ಮಾಡಿ ಮುಗಿಸಿದ ಪ್ರತಿ ಬೋಲ್ಟಿಗೂ ಒಂದು ಬಿಳಿ ಗೆರೆ ಎಳೆಯುತ್ತಿದ್ದರು. ಅವರಿಗೆಂದು ನಮ್ಮ ಮನೆಯಲ್ಲಿ ಒಂದು ಕಪ್ಪು ಇತ್ತು. ನೀಲಿ ಅಂಚಿನ ಪಿಂಗಾಣಿ ತಗಡಿನ ಕಪ್ಪು. ಅಂಚು ಎರಡು ಕಡೆ ಕಿತ್ತು ತುಕ್ಕು ಕಾಣುತ್ತಿತ್ತು. ಅದು ಮನೆಯೊಳಗೆ ಬರುತ್ತಿರಲಿಲ್ಲ. ಕೊಟ್ಟಿಗೆಯ ಹೊರಗೋಡೆಯ ಗೂಡಿನಲ್ಲಿ ಬೋರಲಾಗಿ ಇರುತ್ತಿತ್ತು. ಅವ್ವ ಹಿಂಬಾಗಿಲಿನಲ್ಲಿ ನಿಂತು ಮೇಲಿಂದ ಚಹಾ ಸುರಿಯುವಳು. ಪಾತ್ರೆ ಕಪ್ಪಿಗೆ ತಾಗಬಾರದು. ಹನಿಗಳು ಅವರ ಬೆರಳ ಮೇಲೆ ಸಿಡಿಯುತ್ತಿದ್ದವು. ಕುಡಿದು, ತಾವೇ ತೊಳೆದು, ಗೂಡಿನಲ್ಲಿಟ್ಟು ಮತ್ತೆ ಕಾರಿನಡಿ ಹೋಗುತ್ತಿದ್ದರು. ಗ್ರೀಸಿನ ಕೈಯ ಅಪ್ಪ ಅಡುಗೆಮನೆಯೊಳಗೆ ಒಲೆಯ ಪಕ್ಕ ಕೂತು ಅದೇ ಹೊತ್ತಿಗೆ ಬಸಿಯಲ್ಲಿ ಚಹಾ ಕುಡಿಯುತ್ತಿದ್ದ. ಮನೆಯಲ್ಲಿ ಯಾರಿಗೂ ಇದು ವಿಚಿತ್ರವಾಗಿ ಕಾಣಲಿಲ್ಲ. ಆ ವಯಸ್ಸಿನಲ್ಲಿ ನನಗೂ ಕಾಣಲಿಲ್ಲ ಎಂದು ಬರೆಯಬೇಕು.

ಬೋಲ್ಟಿನ ವಿಷಯ ನನಗೆ ಹೇಳಿಕೊಟ್ಟವರು ಮಿಸ್ತ್ರಿ. ನಾನು ಕೇಳಿದ್ದೆ, ಕೇಳಿದರೆ ಹೇಳುವ ದೊಡ್ಡವರು ಆ ಮನೆಗೆ ಬರುತ್ತಿದ್ದುದು ಅವರೊಬ್ಬರೇ. ಆಗಿನ ಕಾರುಗಳ ಗಾಲಿಯೊಳಗೆ ಡ್ರಮ್ಮು ತಿರುಗುತ್ತದೆ. ಅದನ್ನು ಒಳಗಿನಿಂದ ಒತ್ತಿ ನಿಲ್ಲಿಸುವ ಎರಡು ಬ್ರೇಕ್ ಶೂಗಳು ಒಂದು ತಿರುಗದ ತಟ್ಟೆಯ ಮೇಲೆ ಕೂತಿರುತ್ತವೆ. ಆ ತಟ್ಟೆಯನ್ನು ಅಚ್ಚಿಗೆ ಹಿಡಿದಿಡುವುದು ನಾಲ್ಕು ಬೋಲ್ಟು. ಈಗಿನ ಕಾರುಗಳಲ್ಲಿ ಡ್ರಮ್ಮಿನ ಬದಲು ಡಿಸ್ಕು, ತಟ್ಟೆಯ ಬದಲು ಕ್ಯಾಲಿಪರ್ ಬಂದಿದೆ. ಬೋಲ್ಟಿನ ಕೆಲಸ ಮಾತ್ರ ಅದೇ. ಕಾರಿನ ಪೂರ್ತಿ ಭಾರ ಓಡುವುದನ್ನು ನಿಲ್ಲಿಸುವಾಗ ಆ ಎಳೆತವೆಲ್ಲ ಅವುಗಳ ಮೇಲೆ ಬೀಳುತ್ತದೆ. ಬರೀ ಬಿಗಿ ಮಾಡಿದರೆ ಸಾಲದು, ಅದುರಿ ಅದುರಿ ಸಡಿಲಾಗುತ್ತವೆ. ಅದಕ್ಕೆ ಬೋಲ್ಟಿನ ತಲೆಯ ಕೆಳಗೆ ಒಂದು ತೆಳು ತಗಡಿನ ಪಟ್ಟಿ. ಎರಡು ಬೋಲ್ಟಿಗೆ ಒಂದು ಪಟ್ಟಿ, ಪಟ್ಟಿಯ ಎರಡು ತುದಿಗೆ ಎರಡು ಕಿವಿ. ಬೋಲ್ಟು ಬಿಗಿಯಾದ ಮೇಲೆ ಆ ಕಿವಿಯನ್ನು ಉಳಿಯಿಂದ ಎಬ್ಬಿಸಿ, ಸುತ್ತಿಗೆಯಿಂದ ತಟ್ಟಿ, ಬೋಲ್ಟಿನ ಮಗ್ಗುಲಿಗೆ ಮಡಿಸಬೇಕು. ಆಮೇಲೆ ಬೋಲ್ಟು ತಿರುಗಲಾರದು.

“ಕಿವಿ ಹಿಂಡದೆ ಬಿಟ್ಟರೆ ಬೋಲ್ಟು ಮಾತು ಕೇಳೋದಿಲ್ಲ, ಬೇಟಿ,” ಅಂದಿದ್ದರು. “ನಿಮ್ಮ ಶಾಲೆ ಮಾಸ್ತರರಿಗೂ ಗೊತ್ತುಂಟು ಇದು.”

ಒಮ್ಮೆ ಮಡಿಸಿದ ಕಿವಿಯನ್ನು ಬಿಡಿಸಿ ಎರಡನೇ ಸಲ ಮಡಿಸಿದರೆ ಬುಡದಲ್ಲಿ ಬಿರುಕು ಬಿಡುತ್ತದೆ, ಪ್ರತಿ ಸಲವೂ ಹೊಸ ಪಟ್ಟಿ ಬೇಕು ಎಂದೂ ಹೇಳಿದ್ದರು. ಅಪ್ಪ ಹಳೆಯದನ್ನೇ ಮೂರು ನಾಲ್ಕು ಸಲ ಮಡಿಸಿದ್ದ. ಆ ಶ್ರಾವಣದಲ್ಲಿ ಮಿಸ್ತ್ರಿ ಎರಡೂ ಮುಂಗಾಲಿಗಳನ್ನು ಬಿಚ್ಚಿ ನೋಡಿದಾಗ ಎಂಟು ಕಿವಿಗಳಲ್ಲಿ ಐದು ಮುರಿದಿದ್ದವು. ಒಂದು ಕಡೆ ಕಿವಿಯ ಬದಲು ಗೋಣಿಯ ಸುತಳಿ ಸುತ್ತಿತ್ತು. ಅವರು ಸುತಳಿಯನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದರು. ಅಪ್ಪ ನಕ್ಕ. ಅವರು ನಗಲಿಲ್ಲ. ಹೊಸ ಪಟ್ಟಿಗಳನ್ನು ಹುಬ್ಬಳ್ಳಿಯಿಂದ ತರಿಸುತ್ತೇನೆ, ಬರುವ ತನಕ ಕಾರು ಹೊರಗೆ ತೆಗೆಯಬೇಡಿ ಎಂದರು. ಪಟ್ಟಿಗಳು ಬಂದದ್ದು ಮಹಾನವಮಿಯ ಹಿಂದಿನ ದಿನ. ಮರುದಿನ ಬೆಳಗಿನ ಬಸ್ಸಿಗೆ ಅವರು ನಮ್ಮ ಮನೆಗೆ ಬಂದರು.

ನಮ್ಮ ಕಡೆ ಮಹಾನವಮಿಗೆ ಖಂಡೇಪೂಜೆ. ಮನೆಯ ಕತ್ತಿ, ಕುಡುಗೋಲು, ಕೊಡಲಿ, ಅಂಗಡಿಯ ತಕ್ಕಡಿ, ಹೊಲಿಗೆಯ ಕತ್ತರಿ ಎಲ್ಲವನ್ನೂ ತೊಳೆದು ವಿಭೂತಿ ಹಚ್ಚಿ ದೇವರ ಕೋಣೆಯ ಮಣೆಯ ಮೇಲೆ ಸಾಲಾಗಿ ಕೂರಿಸುತ್ತಾರೆ. ಕೂತ ಮೇಲೆ ಅವನ್ನು ಯಾರೂ ಮುಟ್ಟುವಂತಿಲ್ಲ. ಮರುದಿನ ವಿಜಯದಶಮಿಗೆ ಊರ ಗಡಿ ದಾಟಿ ಬನ್ನಿ ತಂದು, ಅದರ ಎಲೆಯನ್ನು ಒಂದೊಂದರ ಮೇಲೂ ಇಟ್ಟ ನಂತರವೇ ಅವು ಏಳುವುದು. ಕಾರು ಬಂದಾಗಿನಿಂದ ಪಾನಾಗಳ ಪೆಟ್ಟಿಗೆಯೂ ಆ ಸಾಲಿಗೆ ಸೇರಿತ್ತು. ಗಡಿ ದಾಟುವುದೂ ಕಾರಿನಲ್ಲೇ ಆಗಬೇಕು. ಹಿಂದಿನ ವರ್ಷ ಅಪ್ಪ ಹಾಗೆ ಮಾಡಿದ್ದ; ಊರಿನ ಅರ್ಧ ಜನ ನಿಂತು ನೋಡಿದ್ದರು.

ಮಿಸ್ತ್ರಿ ಬಲಗಾಲಿ ಮುಗಿಸಿದರು: ನಾಲ್ಕು ಬೋಲ್ಟು, ನಾಲ್ಕು ಕಿವಿ, ನಾಲ್ಕು ಬಿಳಿ ಗೆರೆ. ಎಡಗಾಲಿಯ ತಟ್ಟೆ ಇಟ್ಟು ಬೋಲ್ಟುಗಳನ್ನು ಬೆರಳಿನಲ್ಲಿ ತಿರುಗಿಸಿ ನಿಲ್ಲಿಸಿದರು. ತಟ್ಟೆ ಸರಿಯಾಗಿ ಕೂತಿದೆಯೋ ಎಂದು ಮೊದಲು ಹಾಗೆ ನೋಡಿ, ಆಮೇಲೆ ಒಂದೊಂದೇ ತೆಗೆದು ಪಟ್ಟಿ ತೂರಿಸಿ ಬಿಗಿಯುವುದು ಅವರ ಕ್ರಮ. ಅಷ್ಟರಲ್ಲಿ ಮಿಂದು, ಒದ್ದೆ ಪಂಚೆಯಲ್ಲಿ, ಹಣೆಗೆ ವಿಭೂತಿ ಬಳಿದುಕೊಂಡು ಅಪ್ಪ ಹಿಂಬಾಗಿಲಿಗೆ ಬಂದ.

“ಮಿಸ್ತ್ರಿ, ಪಾನಾ ಎಲ್ಲಾ ಪೆಟ್ಟಿಗ್ಯಾಗ ಹಾಕು. ಪೂಜಿಗೆ ಕುಂದ್ರಸಬೇಕು.”

“ಐದು ಮಿನಿಟು ಸಾವ್ಕಾರ್ರೆ. ಇದೊಂದು ಬಿಗಿದು ಕಿವಿ ಮಡಚಿ ಕೊಡ್ತೇನೆ.”

“ರಾಹುಕಾಲ ಬರತೈತಿ. ಐದು ಮಿನಿಟು ಅಂದ್ರ ನಿನ್ನ ಲೆಕ್ಕದಾಗ ಅರ್ಧ ತಾಸು.”

“ಹಾಗಾದ್ರೆ ಈ ಒಂದು ಪಾನಾ ಇಲ್ಲಿ ಇರಲಿ. ಉಳಿದ ಹದಿಮೂರು ಒಯ್ಯಿರಿ.”

“ಸೆಟ್ಟು ಒಡದು ಪೂಜಿ ಮಾಡ್ತಾರೇನೊ? ಕೊಡು ಇಲ್ಲಿ.”

ಕೊಡು ಎಂದರೂ ಕೈಯಿಂದ ಕೈಗೆ ತೆಗೆದುಕೊಳ್ಳಲಿಲ್ಲ. ಮಿಂದು ಬಂದಿದ್ದನಲ್ಲ. ಮಿಸ್ತ್ರಿ ಪಾನಾ ಒರೆಸಿ ಗೋದಲಿಯ ಮೇಲಿಟ್ಟು ಹಿಂದೆ ಸರಿದ ಮೇಲೆ ಅಪ್ಪ ಅದರ ಮೇಲೆ ನೀರು ಚಿಮುಕಿಸಿ ಎತ್ತಿಕೊಂಡ. ಮಿಸ್ತ್ರಿ ಅದನ್ನು ನೋಡಿದರು. ಗಾಲಿಯನ್ನು ಉರುಳಿಸಿ ಗೋಡೆಗೆ ಒರಗಿಸಿದರು. ಕಾರು ಆ ಕಡೆ ಜಾಕಿನ ಮೇಲೇ ಇತ್ತು.

“ಗಾಲಿ ಹಾಕ್ಬೇಡಿ, ಸಾವ್ಕಾರ್ರೆ. ಕಾರು ಹೀಗೇ ಇರಲಿ. ಬೋಲ್ಟು ಬರೀ ಬೆರಳಲ್ಲಿ ನಿಂತಿದ್ದಾವೆ. ನಾಡಿದ್ದು ಮೊದಲ ಬಸ್ಸಿಗೆ ಬಂದು ಮುಗಿಸ್ತೇನೆ.”

“ಹೂಂ ಹೂಂ,” ಅಂದು ಅಪ್ಪ ಒಳಗೆ ಹೋದ.

ಉಳಿದ ಎರಡು ಪಟ್ಟಿಗಳನ್ನು ಮಿಸ್ತ್ರಿ ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ನಾಡಿದ್ದಿನ ತನಕ ಕಳೆಯಬೇಡ, ಹುಬ್ಬಳ್ಳಿಯಿಂದ ಬರಲು ಎರಡು ತಿಂಗಳು ಹಿಡಿದ ಮಾಲು ಎಂದರು. ಕಪ್ಪು ತೊಳೆದು ಗೂಡಿನಲ್ಲಿಟ್ಟು ಬಸ್ಸಿಗೆ ಹೋದರು.

ಅವತ್ತು ಹೋಳಿಗೆ ಊಟ. ಊಟ ಮುಗಿಸಿ ಅಪ್ಪ ಕೊಟ್ಟಿಗೆಗೆ ಹೋಗಿ ಡ್ರಮ್ಮು ತೂರಿಸುತ್ತಿರುವುದನ್ನು ನಾನು ಹಿಂಬಾಗಿಲಿನಿಂದ ಕಂಡೆ. ತುಪ್ಪದ ಕೈ ತೊಳೆದಿರಲಿಲ್ಲ. ಡ್ರಮ್ಮಿನ ಎರಡು ಸ್ಕ್ರೂಗಳನ್ನು ಎಲೆಯಡಿಕೆ ಚೀಲದ ಅಡಕತ್ತರಿಯ ತುದಿಯಿಂದ ತಿರುಗಿಸಿದ. ಆಮೇಲೆ ಕಾರಿನ ಡಿಕ್ಕಿಯಿಂದ ಗಾಲಿಯ ನಟ್ಟು ಬಿಚ್ಚುವ ದೊಡ್ಡ ಪಾನಾ ತೆಗೆದ. ಅದನ್ನು ಪೂಜೆಗೆ ಇಟ್ಟಿರಲಿಲ್ಲ.

“ಅಪ್ಪಾ, ಪಾನಾ ಮುಟ್ಟಬಾರದು ಅಂದ್ಯಲ್ಲ,” ಅಂದೆ.

“ಇದು ಕಾರಿಂದು. ಮನೀದಲ್ಲ.”

“ಕಿವಿ ಹಾಕಿಲ್ಲ ಅಪ್ಪಾ. ಪಟ್ಟಿ ನನ್ನ ಹತ್ರ ಅದಾವು. ಗಾಲಿ ಹಾಕಬ್ಯಾಡ್ರಿ ಅಂದಾರ ಮಿಸ್ತ್ರಿ ಕಾಕಾ.”

ಕಾಗದ ಬಿಚ್ಚಿ ತೋರಿಸಿದೆ. ಅಪ್ಪ ಡ್ರಮ್ಮಿನ ಹಿಂದೆ ಕೈ ತೂರಿಸಿ ತಟ್ಟೆಯನ್ನು ಅಲುಗಿಸಿ ನೋಡಿದ. ಅಲುಗಲಿಲ್ಲ.

“ಬಿಗಿ ಆಗ್ಯಾವು. ನಾಕು ಫರ್ಲಾಂಗ ಹೋಗಿ ಬರೋದು, ಮುಂಬೈಗೆ ಹೊಂಟೀವೇನು? ಆ ಪಟ್ಟೀನೂ ಒಯ್ದು ಮಣಿ ಮ್ಯಾಲಿಡು. ಅದಕ್ಕೂ ಪೂಜಿ ಆಗ್ಲಿ.”

ಮತ್ತೆ ಕಾಗದದಲ್ಲಿ ಸುತ್ತಿ ಒಯ್ದು ಇಟ್ಟೆ. ಅಪ್ಪ ಒಳಗೆ ಬಂದು ಅದರ ಮೇಲೂ ವಿಭೂತಿಯ ಮೂರು ಬೆರಳು ಎಳೆದ. ಉಗುರಿನ ಗ್ರೀಸು ವಿಭೂತಿಗೆ ಹತ್ತಿ ಬೂದು ಬಣ್ಣದ ಗೆರೆ ಮೂಡಿತು. ಅವ್ವ ಅದಕ್ಕೆಂದು ಮತ್ತೊಮ್ಮೆ ಆರತಿ ಹಿಡಿದು ನಿಂತಿದ್ದಳು. ಅವಳ ಮುಖ ನೋಡಿದೆ. ಅವಳಿಗೆ ಎಲ್ಲ ಕೇಳಿಸಿತ್ತು.

ಮರುದಿನ ಕಾರನ್ನು ತೊಳೆದು ಬಾಳೆಕಂಬ, ಚೆಂಡುಹೂ ಕಟ್ಟಿದರು. ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟರು. ಅಂಗಡಿಯ ಮುಂದೆ ಅಪ್ಪ ಮೆಲ್ಲಗೆ ಒಮ್ಮೆ ಬ್ರೇಕು ಒತ್ತಿದ, ಹಿಡಿಯಿತು. ಊರ ನಡುವೆ ಜನ ಅಡ್ಡ ಬಂದಾಗ ಇನ್ನೊಮ್ಮೆ ಒತ್ತಿದ, ಹಿಡಿಯಿತು. ಕೆರೆ ಏರಿಗೆ ಇಳಿಯುವ ಉಬ್ಬಿನಿಂದ ಕೆಳಗೆ ತಿರುವಿನ ಹತ್ತಿರ ಮೂರನೆಯ ಸಲ ಜೋರಾಗಿ ಒತ್ತಿದಾಗ ಎಡಗಡೆಯಿಂದ ತಗಡು ಹರಿದಂಥ ಸದ್ದು ಬಂತು. ಆಮೇಲೆ ಗೊತ್ತಾದದ್ದು ಇದು: ಬೋಲ್ಟುಗಳು ಬಿಟ್ಟು ತಟ್ಟೆಯೇ ಡ್ರಮ್ಮಿನ ಜೊತೆ ತಿರುಗಿ, ಬ್ರೇಕೆಣ್ಣೆಯ ಕೊಳವೆಯನ್ನು ಕಿತ್ತಿತ್ತು. ಒಂದು ಕೊಳವೆ ಹರಿದರೆ ನಾಲ್ಕೂ ಗಾಲಿಗಳ ಬ್ರೇಕು ಹೋಗುತ್ತದೆ. ಅಪ್ಪನ ಕಾಲು ನೆಲದ ತನಕ ಹೋಯಿತು. ಕಾರು ಎಡಕ್ಕೆ ಎಳೆದುಕೊಂಡು ಏರಿಯ ಕೆಳಗಿನ ಬಟ್ಟೆ ಒಗೆಯುವ ಕಲ್ಲುಗಳ ಮೇಲೆ ಬಿತ್ತು. ಎಡಬಾಗಿಲು ಒಳಗೆ ಬಂದು ಅವ್ವನ ಕಾಲನ್ನು ಹಿಡಿಯಿತು. ಕಾದ ಔಡಲೆಣ್ಣೆಯ ವಾಸನೆ ಎಲ್ಲ ಕಡೆ ಹಬ್ಬಿತ್ತು. ನಾನು ವಾಂತಿ ಮಾಡಿಕೊಂಡೆ. ಅವ್ವ ಶಿವುನನ್ನು ಕಿಟಕಿಯಿಂದ ಯಾರ ಕೈಗೋ ಕೊಟ್ಟು, ಆಮೇಲೆ ಪ್ರಜ್ಞೆ ತಪ್ಪಿದಳು.

ಅವ್ವನನ್ನು ಲಾರಿಯೊಂದರಲ್ಲಿ ಶಿರಸಿಯ ದವಾಖಾನೆಗೆ ಒಯ್ದರು. ನನ್ನನ್ನೂ ಶಿವುನನ್ನೂ ಪಕ್ಕದ ಮನೆಯವರು ಮನೆಗೆ ಕರೆತಂದರು. ಹೊತ್ತು ಮುಳುಗುವ ಮುಂಚೆ ಅಪ್ಪ ಹಿಂತಿರುಗಿದ. ಹುಬ್ಬಿನ ಮೇಲೆ ಸಣ್ಣ ಗಾಯ. ಅವ್ವ ಹೇಗಿದ್ದಾಳೆ ಎಂದು ಕೇಳಿದೆ. ಕಾಲು ಕಟ್ಟಿದ್ದಾರೆ ಅಂದ. ನೇರವಾಗಿ ದೇವರ ಕೋಣೆಗೆ ಹೋಗಿ ದೀಪ ಹಚ್ಚಿದ. ಜೇಬಿನಿಂದ ಬನ್ನಿ ಎಲೆ ತೆಗೆದ. ಕೆರೆಯ ದಂಡೆಯ ಬನ್ನಿ ಗಿಡ ಕಾರು ಬಿದ್ದ ಜಾಗದಿಂದ ಹತ್ತು ಮಾರು ಆಚೆಗಿತ್ತು. ಲಾರಿ ಬರುವ ತನಕ ಅವನಿಗೆ ಅದನ್ನು ಕಿತ್ತುಕೊಳ್ಳಲು ಹೊತ್ತು ಸಿಕ್ಕಿತ್ತು. ಕತ್ತಿಗೊಂದು, ಕೊಡಲಿಗೊಂದು, ತಕ್ಕಡಿಗೊಂದು ಎಲೆ ಇಟ್ಟ. ಪಾನಾಗಳಿಗೆ ಒಂದೊಂದಾಗಿ ಹದಿನಾಲ್ಕು ಎಲೆ ಇಟ್ಟ. ಅವನ ಅಂಗಿಯ ತೋಳಿಗೆ ಅವ್ವನ ರಕ್ತ ಹತ್ತಿ ಒಣಗಿತ್ತು, ಅದರ ಮೇಲೆ ನೊಣ ಕೂತು ಏಳುತ್ತಿತ್ತು. ಆ ಹದಿನಾಲ್ಕು ಎಲೆಗಳನ್ನು ನಾನು ಬಾಗಿಲಲ್ಲಿ ನಿಂತು ಎಣಿಸಿದೆ. ಹೇಸಿಗೆ ಎಂಬ ಮಾತು ನನಗೆ ಗೊತ್ತಿತ್ತು. ಅಲ್ಲಿಯ ತನಕ ಅದನ್ನು ಅನ್ನಕ್ಕೆ, ಬಟ್ಟೆಗೆ, ನೆಲಕ್ಕೆ ಮಾತ್ರ ಬಳಸಿದ್ದೆ. ಅವನು ಕೈಕಾಲು ತೊಳೆಯಲು ಹೊರಗೆ ಹೋದಾಗ ಮಣೆಯ ಮೇಲಿನ ಕಾಗದದ ಪೊಟ್ಟಣವನ್ನು ಎತ್ತಿ ನನ್ನ ಪಾಟಿಚೀಲಕ್ಕೆ ಹಾಕಿಕೊಂಡೆ.

ಮರುದಿನ ಮೊದಲ ಬಸ್ಸಿಗೆ ಮಿಸ್ತ್ರಿ ಬಂದರು. ಹೇಳಿದ್ದರಲ್ಲ, ಬಂದರು. ಕೊಟ್ಟಿಗೆ ಖಾಲಿಯಿತ್ತು. ಗೋಡೆಗೆ ತಾವು ಒರಗಿಸಿಟ್ಟ ಗಾಲಿ ಇರಲಿಲ್ಲ. ಅಪ್ಪ ಅಂಗಡಿಯಿಂದಲೇ ಕೂಗಿ ಹೇಳಿದ. ಗಿರಾಕಿಗಳು ನಾಲ್ಕೈದು ಜನ ಇದ್ದರು.

“ನನ್ನ ಹೇಣ್ತಿ ಕಾಲು ಮುರದಿ ನೋಡು. ಎಂಥ ಕೆಲಸಾ ಮಾಡಿ ಹೋಗೀದಿ ನೀನು.”

“ಗಾಲಿ ಹಾಕ್ಬೇಡಿ ಅಂತ ಹೇಳಿ ಹೋಗಿದ್ದೆ, ಸಾವ್ಕಾರ್ರೆ.”

“ಯಾರಿಗೆ ಹೇಳೀದಿ? ಯಾರ ಕೇಳ್ಯಾರ?”

ಮಿಸ್ತ್ರಿ ಒಳಬಾಗಿಲ ಕಡೆ ನೋಡಿದರು. ನಾನು ಅಲ್ಲಿ ನಿಂತಿದ್ದೆ. ನನ್ನನ್ನು ಕರೆಯಲಿಲ್ಲ. ತಿರುಗಿ ಹೋದರು. ಅವರು ಹೋದ ಮೇಲೆ ಅಪ್ಪ ಗೂಡಿನ ಕಪ್ಪನ್ನು ಕೋಲಿನಿಂದ ಕೆಡವಿ, ಕೋಲಿನಿಂದಲೇ ತಳ್ಳಿಕೊಂಡು ಹೋಗಿ ತಿಪ್ಪೆಗೆ ಹಾಕಿದ.

ಮೂರನೆಯ ದಿನ ಪಂಚನಾಮೆಗೆ ಹವಾಲ್ದಾರರು ಬಂದರು. ಕೆರೆಯ ಹತ್ತಿರ ಕಾರು ನೋಡಿಕೊಂಡು ಬಂದು ನಮ್ಮ ಪಡಸಾಲೆಯಲ್ಲಿ ಕೂತು ಹೋಳಿಗೆ ತಿಂದರು. ಮಿಸ್ತ್ರಿ ರಿಪೇರಿ ಮಾಡಿ ಹೋಗಿದ್ದ, ಮರುದಿನವೇ ಹೀಗಾಯಿತು ಎಂದು ಅಪ್ಪ ಹೇಳಿದ. ಹವಾಲ್ದಾರರು ಬರೆದುಕೊಂಡರು. ಬೆರಳಿನ ತುಪ್ಪ ನೆಕ್ಕಿ ನನ್ನ ಕಡೆ ತಿರುಗಿದರು.

“ಏ ತಂಗಿ, ಗಾಲಿಯೊಳಗಿನ ಬೋಲ್ಟ ಯಾರು ಹಾಕಿದ್ರು? ನೋಡೀಯೇನು?”

ಅಪ್ಪ ನನ್ನನ್ನು ನೋಡಲಿಲ್ಲ. ಹೋಳಿಗೆಯ ತಟ್ಟೆಯನ್ನು ನೋಡುತ್ತಿದ್ದ.

“ಮಿಸ್ತ್ರಿ ಕಾಕಾ ಹಾಕಿದ್ರು,” ಅಂದೆ.

“ಆತು,” ಎಂದು ಅದನ್ನೂ ಬರೆದುಕೊಂಡರು. ಬಿಗಿ ಮಾಡಲು ಬಿಟ್ಟರೋ ಇಲ್ಲವೋ ಎಂದು ಕೇಳಲಿಲ್ಲ. ಗಾಲಿ ಹಾಕಿದವರು ಯಾರು ಎಂದು ಕೇಳಲಿಲ್ಲ. ಪಾಟಿಚೀಲ ನನ್ನ ಹಿಂದೆಯೇ ಮೊಳೆಗೆ ನೇತಾಡುತ್ತಿತ್ತು. ಅವರು ಕೈ ತೊಳೆದು ಹೋಗುವ ತನಕ ನಾನು ಅಲ್ಲೇ ಕೂತಿದ್ದೆ, ಚೀಲಕ್ಕೆ ಕೈ ಹಾಕಲಿಲ್ಲ.

ಮಿಸ್ತ್ರಿಗೆ ಶಿಕ್ಷೆ ಏನೂ ಆಗಲಿಲ್ಲ. ಬ್ರೇಕಿನ ಬೋಲ್ಟು ಬಿಗಿಯದೆ ಬಿಟ್ಟವನು ಎಂಬ ಮಾತು ಶಿರಸಿ ಮುಟ್ಟಿತು, ಅಷ್ಟೇ ಸಾಕಾಯಿತು. ಬಸ್ಸಿನ ಮಾಲೀಕರು ಅವರನ್ನು ಕೆಲಸದಿಂದ ಬಿಡಿಸಿದರು. ಬ್ರೇಕಿನ ಕೆಲಸಕ್ಕೆ ಯಾರೂ ಕರೆಯದಾದಾಗ ಅವರು ಊರು ಬಿಟ್ಟರು ಎಂದು ಅಂಗಡಿಯ ಮಾತಿನಲ್ಲಿ ಕೇಳಿದೆ. ಅವ್ವ ಎರಡು ತಿಂಗಳಿಗೆ ಮನೆಗೆ ಬಂದಳು. ಕಾಲು ಗಿಡ್ಡವಾಗಿತ್ತು. ಒಂದು ಮಧ್ಯಾಹ್ನ ಅವಳ ಕಾಲಿಗೆ ಎಣ್ಣೆ ತಿಕ್ಕುತ್ತಾ ಕೇಳಿದೆ.

“ಅವ್ವಾ, ನೀನೂ ಕೇಳೀದಿ. ಗಾಲಿ ಹಾಕಬ್ಯಾಡ್ರಿ ಅಂದಿದ್ರು.”

“ಕೇಳೀನಿ.”

“ಮತ್ತ ಹೇಳಲಿಲ್ಲ?”

“ಯಾರಿಗೆ ಹೇಳ್ಲಿ? ಮನೀ ಮಾತು ಮಂದಿ ಮುಂದ ಹೇಳಿ, ಆಮೇಲ ಯಾವ ಮನ್ಯಾಗ ಇರ್ಲಿ?” ಕಾಲು ಎಳೆದುಕೊಂಡಳು. “ನೀನೂ ಹೇಳಿಲ್ಲಲ್ಲ. ಮ್ಯಾಲೆ ಬಾ, ಮೊಣಕಾಲಿಗೆ ಹಚ್ಚು.”

ಎಣ್ಣೆ ಔಡಲೆಣ್ಣೆಯೇ. ಬಾಟಲಿಯೂ ಅದೇ.

೧೯೬೮ರಲ್ಲಿ ನಾನು ಹುಬ್ಬಳ್ಳಿಯಲ್ಲಿ ಕಾಲೇಜಿಗೆ ಹೋಗುತ್ತಿದ್ದೆ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಸೈಕಲ್ ರಿಪೇರಿಯ ಒಂದು ಸಣ್ಣ ಅಂಗಡಿ ಇತ್ತು. ಪಂಕ್ಚರ್ ಹಾಕಿಸಲು ನಿಂತವಳು ಗಾಲಿಯ ನಟ್ಟಿನ ಮೇಲೆ ಬಿಳಿ ಸೀಮೆಸುಣ್ಣದ ಗೆರೆ ಎಳೆದದ್ದನ್ನು ಕಂಡು ಮುಖ ನೋಡಿದೆ. ಇಸ್ಮಾಯಿಲ್ ಮಿಸ್ತ್ರಿ. ತಲೆ ಪೂರ್ತಿ ನೆರೆತಿತ್ತು. ನಾನು ಯಾರೆಂದು ಹೇಳಿದೆ.

“ಹಾಂ, ದಾಸನಕೊಪ್ಪದ ಬೇಟಿ. ಅವ್ವನ ಕಾಲು ಹೇಗುಂಟು?”

“ಕುಂಟ್ತಾಳ. ಕಾಕಾ, ಪೊಲೀಸರಿಗೆ ಹೇಳಿದವಳು ನಾನ. ಬೋಲ್ಟ ನೀವು ಹಾಕಿದ್ರಿ ಅಂತ.”

“ಹಾಕಿದ್ದು ನಾನೇ ಅಲ್ವಾ? ನೀನು ಸುಳ್ಳು ಹೇಳಲಿಲ್ಲ.” ಗಾಲಿಯನ್ನು ಒಮ್ಮೆ ತಿರುಗಿಸಿ ಬಿಟ್ಟು, ಅದು ನಿಲ್ಲುವ ತನಕ ನೋಡಿದರು. “ಆಮೇಲಿನ ಪ್ರಶ್ನೆ ಯಾರೂ ಕೇಳಲಿಲ್ಲ. ಕೇಳದೆ ನೀನೂ ಹೇಳಲಿಲ್ಲ.”

ಪಟ್ಟಿಗಳು ನನ್ನ ಪೆಟ್ಟಿಗೆಯಲ್ಲಿವೆ, ತಂದು ಕೊಡುತ್ತೇನೆ ಎಂದೆ.

“ಏನು ಮಾಡ್ಲಿ ತಗೊಂಡು? ಅವು ಆ ಕಾರಿಗೆ ಬಿಟ್ಟು ಬೇರೆ ಯಾವುದಕ್ಕೂ ಕೂರೋದಿಲ್ಲ. ನಿನ್ನ ಹತ್ರಾನೇ ಇರಲಿ.”

ನಾನು ಮುಂದೆ ಅದೇ ಊರಿನ ಒಂದು ಪತ್ರಿಕೆಯಲ್ಲಿ ಮೂವತ್ತು ವರ್ಷ ಸುದ್ದಿ ತಿದ್ದಿದೆ. ವರದಿಗಾರರು ತಂದ ಅಪಘಾತದ ಸುದ್ದಿಯಲ್ಲಿ ‘ಬ್ರೇಕ್ ವಿಫಲಗೊಂಡು’ ಎಂದಿದ್ದರೆ ಕಾಗದ ವಾಪಸು ಕೊಡುತ್ತಿದ್ದೆ. ಮಿಸ್ತ್ರಿ ಹುಬ್ಬಳ್ಳಿಯಲ್ಲೇ ತೀರಿಕೊಂಡರು. ಅಪ್ಪ ಸಾಯುವ ತನಕ ಆ ಕಥೆಯನ್ನು ಒಂದೇ ರೀತಿ ಹೇಳಿದ. ಅಂಗಡಿಯನ್ನೂ, ಪಾನಾಗಳ ಪೆಟ್ಟಿಗೆಯನ್ನೂ, ಕಥೆಯನ್ನೂ ಶಿವು ಮುಂದುವರಿಸಿದ.

ಕಳೆದ ಮಹಾನವಮಿಗೆ ನಾನು ದಾಸನಕೊಪ್ಪದಲ್ಲಿದ್ದೆ. ಆ ಕಾರು ಹೋಗಿ ಐವತ್ತು ವರ್ಷಕ್ಕೆ ಮೇಲಾಯಿತು; ಪಾನಾಗಳನ್ನು ಮಾತ್ರ ಶಿವು ಈಗಲೂ ಪೂಜೆಗೆ ಕೂರಿಸುತ್ತಾನೆ. 

“ಇವು ನಮ್ಮಪ್ಪನ ಪಾನಾ,” ಎಂದು ಮೊಮ್ಮಕ್ಕಳಿಗೆ ತೋರಿಸುತ್ತಿದ್ದ. “ಒಬ್ಬ ಮಿಸ್ತ್ರಿ ಬೋಲ್ಟ ಬಿಗಿ ಮಾಡದ ಹೋಗಿ, ನಿಮ್ಮ ಮುತ್ತಜ್ಜಿ ಕಾಲು ಮುರೀತು.”

“ಶಿವು, ಅದು ಹಂಗಲ್ಲ,” ಎಂದು ಜೊತೆಗೆ ತಂದಿದ್ದ ಪೊಟ್ಟಣ ಬಿಚ್ಚಿ ಅವನ ಮುಂದಿಟ್ಟೆ. ನಡೆದದ್ದನ್ನು ಮೊದಲಿನಿಂದ ಹೇಳಿದೆ: ಮಿಸ್ತ್ರಿ ಕೇಳಿದ ಐದು ಮಿನಿಟು, ಅಪ್ಪ ಹಾಕಿದ ಗಾಲಿ, ನಾನು ಹೇಳಿದ ಒಂದು ವಾಕ್ಯ. ಮೊಮ್ಮಕ್ಕಳೂ ಕೇಳಿದರು. ಶಿವು ಪಟ್ಟಿಗಳನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದ. ಹಳೆಯ ವಿಭೂತಿಯ ಬೂದು ಗೆರೆ ಕಾಗದದ ಮೇಲೆ ಇನ್ನೂ ಇತ್ತು.

“ಅಪ್ಪನ ಕೈಯಿಂದ ಹಚ್ಚಿದ್ದೇನು ಇದು?” ಎಂದು ಕೇಳಿದ.

ಹೌದು ಎಂದೆ.

ಅವನು ಎದ್ದು ಪಟ್ಟಿಗಳನ್ನು ಮಣೆಯ ಮೇಲೆ ಪಾನಾಗಳ ಪಕ್ಕದಲ್ಲಿ ಇಟ್ಟ. ಹೊಸ ವಿಭೂತಿ ಹಚ್ಚಿ ಆರತಿ ಎತ್ತಿದ. ಮರುದಿನ ಸಂಜೆ ಬನ್ನಿ ಎಲೆ ಇಟ್ಟು ಪಾನಾಗಳನ್ನು ಎಬ್ಬಿಸಿದಾಗ ಪಟ್ಟಿಗಳೂ ಅವುಗಳ ಜೊತೆ ತಗಡಿನ ಪೆಟ್ಟಿಗೆಗೆ ಹೋದವು. ಈಗ ಅಲ್ಲೇ ಇವೆ. ನಾಲ್ಕೂ ಕಿವಿ ನೆಟ್ಟಗಿವೆ.